ಕೆರೆಯ ಕಳೆಗೆ ಬೇರು ಊರಿನೊಳಗಿದೆ

ಬೆಂಗಳೂರಿನ ಹಲವು ಕೆರೆಗಳಲ್ಲಿ ಒಂದೇ ನಾಟಕ ಮತ್ತೆ ಮತ್ತೆ ನಡೆಯುತ್ತದೆ. ನೀರಿಗಿಳಿಯುವ ಮೆಟ್ಟಿಲುಗಳ ಮುಂದೆ ಕಳೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಬಟ್ಟೆ ಒಗೆಯುವವರಿಗೆ ನೀರು ಸಿಗದು, ಮೀನುಗಾರನ ತೆಪ್ಪ ಚಲಿಸದು. ದೂರುಗಳು ಹೆಚ್ಚಾದಾಗ ಯಂತ್ರ ಬರುತ್ತದೆ. ಕಣ್ಣಿಗೆ ಕಾಣುವಷ್ಟು ನೀರನ್ನು ತೆರವುಗೊಳಿಸಿ, ಕಿತ್ತ ರಾಶಿಯನ್ನು ದಡದಲ್ಲೇ ಸುರಿದು ಹೊರಟುಹೋಗುತ್ತದೆ. ಕೆಲವೇ ವಾರಗಳಲ್ಲಿ ಕಳೆ ಪುನಃ ಹಾಜರ್. ಇದು ಕೆರೆಯ ನಿರ್ವಹಣೆಯೇ ಅಥವಾ ಸಾರ್ವಜನಿಕ ಹಣದ ಅಪವ್ಯಯವೇ?

ಜನರು ಅಂತರಗಂಗೆ ಎಂದೂ ಕರೆಯುವ ಈ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ ಸಸ್ಯ. ನೇರಳೆ ಹೂವಿನ ಅಂದಕ್ಕಾಗಿ 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಅನುಕೂಲ ಸಿಕ್ಕರೆ ಒಂದೆರಡು ವಾರಗಳಲ್ಲೇ ಇಮ್ಮಡಿಯಾಗುತ್ತದೆ. ಬೀಜಗಳು ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಅದರ ಆಹಾರವೋ ನಮ್ಮ ಮನೆಗಳಿಂದ ಹರಿದುಬರುವ ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ. ಕೊಳಚೆಯನ್ನು ಹರಿಯಬಿಟ್ಟು ಕಳೆ ಕೀಳುವುದೆಂದರೆ ಗೊಬ್ಬರ ಹಾಕುತ್ತಲೇ ಬೆಳೆ ನಾಶಪಡಿಸಲು ಹೊರಟಂತೆ. ದಡದಲ್ಲಿ ಬಿಟ್ಟ ರಾಶಿಯೂ ಕೊಳೆತು, ಮಳೆಗೆ ತೊಳೆದು ಅದೇ ಕೆರೆಯನ್ನು ಸೇರುತ್ತದೆ. ಈ ನಿರ್ಲಕ್ಷ್ಯ ಎಲ್ಲಿಗೆ ತಲುಪಬಹುದೆಂಬುದಕ್ಕೆ ಬೆಳ್ಳಂದೂರು ಸಾಕ್ಷಿ. 2018ರ ಜನವರಿಯಲ್ಲಿ ಅಲ್ಲಿ ಒಣಗಿದ ಕಳೆಗೆ ಹತ್ತಿದ ಬೆಂಕಿಯನ್ನು ನಂದಿಸಲು ಸೈನಿಕರೇ ಇಳಿಯಬೇಕಾಯಿತು.

ಇದೇ ಕಳೆಯನ್ನು ರಾಜಕೀಯ ಪ್ರಶ್ನೆಯಾಗಿ ಎತ್ತಿಕೊಂಡ ನಿದರ್ಶನ ನಮ್ಮ ಚರಿತ್ರೆಯಲ್ಲಿದೆ. ಅವಿಭಜಿತ ಬಂಗಾಳದಲ್ಲಿ ಇದು ಭತ್ತದ ಗದ್ದೆಗಳನ್ನೂ ಜಲಮಾರ್ಗಗಳನ್ನೂ ಆಕ್ರಮಿಸಿದಾಗ 1936ರಲ್ಲಿ ಪ್ರತ್ಯೇಕ ಕಾನೂನೇ ಬಂತು. ತನ್ನ ಜಮೀನಿನಲ್ಲಿ ಈ ಕಳೆಯನ್ನು ಉಳಿಸಿಕೊಳ್ಳುವುದು ಅಪರಾಧವಾಯಿತು. 1937ರ ಚುನಾವಣೆಯಲ್ಲಿ ಅದರ ನಿರ್ಮೂಲನೆ ಪ್ರಮುಖ ಪಕ್ಷಗಳ ಪ್ರಣಾಳಿಕೆಗಳಲ್ಲಿ ಸ್ಥಾನ ಪಡೆಯಿತು. ಗೆದ್ದು ಪ್ರಧಾನಿಯಾದ ಎ.ಕೆ. ಫಜ್ಲುಲ್ ಹಕ್ ಅದಕ್ಕಾಗಿ ಆಂದೋಲನವನ್ನೇ ಆರಂಭಿಸಿದರು. ಕಿತ್ತ ಕಳೆಯನ್ನು ಗೊಬ್ಬರವಾಗಿಸಲು ರೈತರನ್ನು ಪ್ರೇರೇಪಿಸಲಾಯಿತು. ರೈತನ ಸಂಕಷ್ಟಕ್ಕೆ ಆಳುವವರು ಉತ್ತರದಾಯಿಗಳು ಎಂಬ ಪ್ರಜ್ಞೆ ಅಲ್ಲಿತ್ತು.

ಇಂದು ಮಾಡಬೇಕಾದುದೇನು? ಮೆಟ್ಟಿಲುಗಳ ಸುತ್ತ ಕಳೆ ದಟ್ಟವಾಗುವ ಮೊದಲೇ, ಹೂ ಬಿಡುವ ಮೊದಲೇ ಕೀಳಬೇಕು. ಅದರ ತೂಕದ ಬಹುಪಾಲು ನೀರೇ ಆಗಿರುವುದರಿಂದ ಕೆರೆಗೆ ಸೋರಿ ಹೋಗದ ಜಾಗದಲ್ಲಿ ಒಣಗಿಸಿ, ಬಳಿಕ ಸಾಗಿಸಿ ಗೊಬ್ಬರ ಮಾಡಬೇಕು. ತೇಲುವ ತಡೆ ಕಟ್ಟಿದರೆ ಗಾಳಿ ತಳ್ಳಿತರುವ ಕಳೆ ಮೆಟ್ಟಿಲನ್ನು ಮುಟ್ಟದು. ಕಳೆನಾಶಕ ಸಿಂಪಡಣೆ ಸುಲಭವೆನಿಸಬಹುದು. ಆದರೆ ಸತ್ತ ಕಳೆ ನೀರಲ್ಲೇ ಕೊಳೆತರೆ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. 1980ರ ದಶಕದಲ್ಲಿ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಳೆಯನ್ನು ತಿನ್ನುವ ಮೂತಿಹುಳುಗಳನ್ನು ಇಲ್ಲಿನ ಕೆರೆಗಳಲ್ಲಿ ಬಿಟ್ಟು ಯಶಸ್ಸು ಕಂಡಿದ್ದರು. ಅದಕ್ಕೆ ವರ್ಷಗಳ ತಾಳ್ಮೆ ಬೇಕು. ಗುತ್ತಿಗೆಯ ಅವಸರದಲ್ಲಿ ತಾಳ್ಮೆಗೆ ಸ್ಥಾನವೆಲ್ಲಿ?

ಇವೆಲ್ಲವೂ ಫಲಿಸಬೇಕಾದರೆ ಕೊಳಚೆ ನಿಲ್ಲಲೇಬೇಕು. ಮತ ಕೇಳಿ ಮನೆಬಾಗಿಲಿಗೆ ಬರುವವರನ್ನು, ಕೆರೆಗೆ ಎಷ್ಟು ಯಂತ್ರ ತರಿಸಿದಿರಿ ಎಂದು ಕೇಳಿದರೆ ಸಾಲದು. ನಮ್ಮ ಬೀದಿಯ ಚರಂಡಿ ಯಾವ ಶುದ್ಧೀಕರಣ ಘಟಕವನ್ನು ಸೇರುತ್ತದೆ ಎಂದು ಕೇಳಬೇಕು. ಅದಕ್ಕೂ ಮೊದಲು ನಮ್ಮ ಮನೆಯ ಕೊಳವೆ ಎಲ್ಲಿಗೆ ಹೋಗುತ್ತದೆಂದು ನಾವೇ ನೋಡಿಕೊಳ್ಳಬೇಕು.