ಹುಟ್ಟಿನ ಅಂಕ, ಕಸುಬಿನ ಅಂಕ

ವಿದೇಶದಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬ ಊರಿಗೆ ಬಂದಾಗ, ತನ್ನ ಮಗ ಆಡುವ ಆಟದ ನಿಯಮಗಳ ದಪ್ಪ ಪುಸ್ತಕವೊಂದನ್ನು ಕೈಗಿತ್ತು, "ಗುರುಗಳೇ, ಓದಿ ನಿಮ್ಮ ಅಭಿಪ್ರಾಯ ಹೇಳಬೇಕು" ಎಂದ. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬನು ಕಥೆ ನಡೆಸುತ್ತಿರಲು, ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಉರುಳಿಸುತ್ತಾರೆ. ನಮ್ಮ ದೊಡ್ಡಾಟಕ್ಕೂ ಪಗಡೆಗೂ ಮದುವೆ ಮಾಡಿಸಿದಂತೆ ಎಂದುಕೊಳ್ಳಿ.

ಪ್ರತಿಯೊಂದು ಪಾತ್ರಕ್ಕೂ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಲ್ಲಿ ಅಂಕಗಳುಂಟು. 2014ರ ನಿಯಮದಂತೆ ಕುಲವೂ ಅಂಕ ಕೊಡುತ್ತಿತ್ತು. ಎಲ್ಫ್ ಎಂಬ ಕಿನ್ನರನಂಥವನಿಗೆ ಚುರುಕಿನಲ್ಲಿ ಎರಡು ಹೆಚ್ಚು, ಕುಳ್ಳನಾದ ಡ್ವಾರ್ಫ್‌ಗೆ ದಾರ್ಢ್ಯದಲ್ಲಿ ಎರಡು, ಅರೆ-ಆರ್ಕ್ ಎಂಬ ಅರೆರಾಕ್ಷಸನಿಗೆ ಬಲದಲ್ಲಿ ಎರಡು. 2020ರಲ್ಲಿ ಅವನ್ನು ಬೇಕಾದ ಗುಣಕ್ಕೆ ಸೇರಿಸಿಕೊಳ್ಳುವ ಅವಕಾಶ ಬಂದಿತು. 2024ರ ಪುಸ್ತಕವು ಕುಲಕ್ಕೂ ಅಂಕಕ್ಕೂ ಇದ್ದ ನಂಟನ್ನೇ ಕಡಿದು, ಪಾತ್ರದ ಹಿನ್ನೆಲೆಗೆ, ಎಂದರೆ ಸಾಹಸಕ್ಕೆ ಹೊರಡುವ ಮುನ್ನ ಆತನಿಗಿದ್ದ ಕಸುಬಿಗೆ, ಅಂಕವನ್ನು ಕಟ್ಟಿದೆ.

ಕಲ್ಪನೆಯ ಕುಲಗಳಲ್ಲಿ ಭೇದವಿಲ್ಲದಿದ್ದರೆ ಆಟಕ್ಕೆ ರುಚಿಯೆಲ್ಲಿ ಎಂಬ ಮಾತನ್ನು ನಾನು ತಳ್ಳಿಹಾಕಲಾರೆ. ಘಟೋತ್ಕಚನು ಆಕಾಶಕ್ಕೆ ನೆಗೆಯದಿದ್ದರೆ ಭಾರತದ ಕಥೆಗೇ ನಷ್ಟ. ಕತ್ತಲಲ್ಲಿ ಕಾಣುವ ಕಣ್ಣು ಮುಂತಾದುವನ್ನು ಹೊಸ ಪುಸ್ತಕವೂ ಕುಲಕ್ಕೇ ಬಿಟ್ಟಿದೆ. ಇರಲಿ. ಆದರೆ ಬುದ್ಧಿ, ವಿವೇಕ? ಒಂದೇ ಬಸಿರಿನಲ್ಲಿ ರಾವಣನೂ ಬಂದ, ಕುಂಭಕರ್ಣನೂ ಬಂದ, ವಿಭೀಷಣನೂ ಬಂದ.

ಹುಟ್ಟಿಗೆ ಅಂಕ ಅಂಟಿಸಿದರೆ ಏನಾಗುವುದೆಂದು ಸುರಪುರದವರಿಗೆ ಹೇಳಿಕೊಡಬೇಕಾಗಿಲ್ಲ. 1705ರಲ್ಲಿ ಮುದಿ ಔರಂಗಜೇಬನು ತಾನೇ ಬಂದು ಮುತ್ತಿದ ವಾಗಣಗೇರಾ ನಮ್ಮ ತಾಲ್ಲೂಕಿನದು. 1858ರಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದವರು ನಮ್ಮ ರಾಜಾ ವೆಂಕಟಪ್ಪ ನಾಯಕರು. ಅದೇ ಇಂಗ್ಲಿಷರು ಆ ಬಳಿಕ ಗೂರ್ಖರು, ಸಿಖ್ಖರು ಹುಟ್ಟು ಯೋಧರು, ದಕ್ಷಿಣದವರು ಅಲ್ಲ ಎಂದು ಪಟ್ಟಿ ಬರೆದುಕೊಂಡರು. (ಇಲ್ಲಿ ಪೆಟ್ಟು ತಿಂದದ್ದನ್ನು ಅಷ್ಟು ಬೇಗ ಮರೆತರೆ!) ನಾವಾದರೂ ಬೇಡರನ್ನು ಹುಟ್ಟಾ ಶೂರರೆಂದು ಹೊಗಳುತ್ತ ಬಂದೆವು. ಆ ಹೊಗಳಿಕೆಯ ಬೆಲೆಯನ್ನು ನಾನು ಶಾಲೆಯೊಂದರಲ್ಲಿ ಕಂಡಿದ್ದೇನೆ. ಆ ಸಮುದಾಯದ ಹುಡುಗನನ್ನು ಕಬಡ್ಡಿ ತಂಡಕ್ಕೆ ಹೆಸರು ಕೇಳಿಯೇ ಆರಿಸುತ್ತಿದ್ದರು. ಗಣಿತದ ಸ್ಪರ್ಧೆಗೆ ಕಳಿಸೋಣವೆಂದರೆ ನಗುತ್ತಿದ್ದರು. ವಾಗಣಗೇರಾದ ಕೋವಿಕಾರರ ಗುರಿ ಅಭ್ಯಾಸದ ಫಲ. ಅಷ್ಟೇ ಅಭ್ಯಾಸವನ್ನು ಬೀಜಗಣಿತದಲ್ಲಿ ಮಾಡಿಸಿದ್ದರೆ ಆ ಹುಡುಗನಿಗೆ ಬರದೆ ಇರುತ್ತಿತ್ತೆ?

ಹುಟ್ಟಿನ ಅಂಕ ಹೋದದ್ದು ಒಳ್ಳೆಯದೇ ಆಯಿತು. ನನ್ನ ತಕರಾರಿರುವುದು ಅದರ ಜಾಗಕ್ಕೆ ಬಂದುದರ ಮೇಲೆ. ಪುಸ್ತಕದಲ್ಲಿ ಹದಿನಾರು ಹಿನ್ನೆಲೆಗಳಿವೆ. ರೈತನ ಹಿನ್ನೆಲೆಯವನು ಬಲ, ದಾರ್ಢ್ಯ, ವಿವೇಕಗಳಲ್ಲಿ ಮಾತ್ರ ಅಂಕ ಏರಿಸಿಕೊಳ್ಳಬಹುದು. ಬುದ್ಧಿಯಲ್ಲಿ ಏರಿಸಿಕೊಳ್ಳುವ ಭಾಗ್ಯ ಬರವಣಿಗೆಯ ಕಸುಬಿನವನಿಗುಂಟು, ರೈತನಿಗಿಲ್ಲ. ವಿವೇಕವನ್ನಾದರೂ ಕೊಟ್ಟರಲ್ಲ ಎಂದು ರೈತನ ಮಗನಾದ ನನಗೆ ಸಮಾಧಾನ. ಆಟ ನಡೆಸುವವನು ಹೊಸ ಹಿನ್ನೆಲೆ ಕಟ್ಟಿಕೊಳ್ಳಲು ದಾರಿಯಿದೆಯಂತೆ. ಅಚ್ಚಾಗಿರುವುದು ಮಾತ್ರ ಇದು. ಅಮೆರಿಕದವರಿಗೆ ಕುಲ ಬೇರೆ, ಕಸುಬು ಬೇರೆಯಾಗಿ ಕಾಣಬಹುದು. ಕಸುಬೇ ಕುಲವಾಗಿ, ತಂದೆಯ ನೊಗ ಮಗನ ಹೆಗಲಿಗೆ ಬರುವ ನಮ್ಮ ನಾಡಿನಲ್ಲಿ ಇದು ಹುಟ್ಟನ್ನು ತಲೆಬಾಗಿಲಿನಿಂದ ಹೊರಗಟ್ಟಿ ಹಿತ್ತಿಲಿನಿಂದ ಒಳಗೆ ಕರೆದಂತೆಯೇ ಸರಿ.

ಇದು ಬರಿಯ ಆಟದ ಮಾತಲ್ಲವೆಂದೇ ಇಷ್ಟು ಬರೆಯುತ್ತಿದ್ದೇನೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಗೆ ಶೇಕಡಾ 94 ಬಂದಾಗ ನಮ್ಮ ಯಾದಗಿರಿಗೆ ಬಂದದ್ದು 50.59, ರಾಜ್ಯಕ್ಕೇ ಕೊನೆ. "ಆ ಕಡೆಯ ದುಡಿಯುವವರ ಮಕ್ಕಳಿಗೆ ಓದು ಹತ್ತುವುದಿಲ್ಲ" ಎಂದು ಓದಿದವರೇ ಆಡಿದ್ದನ್ನು ಕೇಳಿದೆ. ಅವರು ಶಹಾಪುರದ ಕಡೆಯ ಹಳ್ಳಿಗೆ ಹತ್ತಿ ಬಿಡಿಸುವ ಕಾಲದಲ್ಲೊಮ್ಮೆ ಬರಲಿ. ಅರ್ಧ ತರಗತಿ ಹೊಲದಲ್ಲಿರುತ್ತದೆ. ಇನ್ನು ಕೆಲವರು ತಂದೆತಾಯಿಗಳೊಡನೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಹಾಜರಿ ಕರೆಯುವಾಗ ಅವರ ಹೆಸರು ಬಂದರೆ, "ಗುಳೇಕ ಹೋಗ್ಯಾನ್ರಿ ಸರ" ಎಂದು ಹಿಂದಿನ ಬೆಂಚಿನ ಹುಡುಗ ಹೇಳುತ್ತಿದ್ದ. ದೀಪಾವಳಿಗೆ ಹೋದವನು ಪರೀಕ್ಷೆಗೆ ವಾರವಿರುವಾಗ ಮರಳಿ ಬಂದು ಕುಳಿತರೆ, ಅವನಿಗೆ ಎಷ್ಟು ಅಂಕ ಬರಬೇಕಿತ್ತೆಂದು ಆ ಹಿರಿಯರ ಲೆಕ್ಕವೋ ನಾನರಿಯೆ.