ಷೇಕ್ಸ್‌ಪಿಯರನ ನಾಟಕಗಳನ್ನು ಬರೆದವರಾರು?

ಸಾಹಿತ್ಯಕ್ಕೆ ಸೇರಿದ ಪ್ರಶ್ನೆಯೊಂದನ್ನು ವಿಜ್ಞಾನದ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ವಾಚಕರು ಕೇಳಬಹುದು. ಉಚಿತವೆಂದೇ ನಮ್ಮ ಮತ. ಒಂದು ಹೇಳಿಕೆಯನ್ನು ನಂಬುವ ಮುನ್ನ ಅದಕ್ಕೆ ಆಧಾರವೇನೆಂದು ಕೇಳಿ, ದೊರೆತ ಆಧಾರವನ್ನು ತೂಗಿ ನೋಡುವ ಕ್ರಮಕ್ಕೆ ವಿಜ್ಞಾನವೆಂದು ಹೆಸರು. ಆ ಕ್ರಮವು ಎಲ್ಲಿ ದಾರಿ ತಪ್ಪುತ್ತದೆ, ಎಲ್ಲಿ ಸರಿಯಾಗಿ ನಡೆಯುತ್ತದೆ ಎಂಬುದನ್ನು ಅರಿಯಲು ಷೇಕ್ಸ್‌ಪಿಯರನ ಕರ್ತೃತ್ವವನ್ನು ಕುರಿತ ವಿವಾದವು ಒಳ್ಳೆಯ ನಿದರ್ಶನವಾಗಿದೆ.

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಎಂಬ ಪೇಟೆಯಲ್ಲಿ 1564ರ ಏಪ್ರಿಲ್ 26ರಂದು ವಿಲಿಯಂ ಷೇಕ್ಸ್‌ಪಿಯರನಿಗೆ ದೀಕ್ಷಾಸ್ನಾನವಾಯಿತೆಂದು ಅಲ್ಲಿಯ ಚರ್ಚಿನ ದಾಖಲೆ ಹೇಳುತ್ತದೆ. ತಂದೆ ಕೈಗವಸು ಹೊಲಿಯುವ ಕಸುಬಿನವನು. ಮಗನು ಲಂಡನ್ನಿಗೆ ಹೋಗಿ ನಟನಾದನು, ನಾಟಕ ಮಂಡಲಿಯ ಪಾಲುದಾರನಾದನು, ಹಣ ಗಳಿಸಿದನು. 1616ರಲ್ಲಿ ತನ್ನ ಊರಿನಲ್ಲಿ ತೀರಿಕೊಂಡನು. ಜಗತ್ತನ್ನೇ ಬೆರಗುಗೊಳಿಸಿದ ನಾಟಕಗಳನ್ನು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಇಂತಹವನು ಬರೆಯಲು ಸಾಧ್ಯವೇ? ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಸಂದೇಹವು ಬಲವಾಯಿತು. 1857ರಲ್ಲಿ ಅಮೆರಿಕದ ಡೀಲಿಯ ಬೇಕನ್ ಎಂಬ ಮಹಿಳೆಯು, ಫ್ರಾನ್ಸಿಸ್ ಬೇಕನ್, ವಾಲ್ಟರ್ ರ್‍ಯಾಲಿ ಮೊದಲಾದ ವಿದ್ವಾಂಸರ ಕೈವಾಡವೇ ಈ ನಾಟಕಗಳ ಹಿಂದಿದೆಯೆಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದಳು. 1920ರಲ್ಲಿ ಲೋನಿ ಎಂಬ ಇಂಗ್ಲಿಷ್ ಉಪಾಧ್ಯಾಯನು ಆಕ್ಸ್‌ಫರ್ಡಿನ ಅರ್ಲ್ ಆದ ಎಡ್ವರ್ಡ್ ಡಿ ವೀರನನ್ನು ಮುಂದಿಟ್ಟನು. 1955ರಲ್ಲಿ ಕ್ಯಾಲ್ವಿನ್ ಹಾಫ್‌ಮನ್ ಎಂಬಾತನು ಕ್ರಿಸ್ಟೊಫರ್ ಮಾರ್ಲೋ ಎಂಬ ನಾಟಕಕಾರನ ಪಕ್ಷವನ್ನು ಹಿಡಿದನು. ಮಾರ್ಕ್ ಟ್ವೈನ್, ಸಿಗ್ಮಂಡ್ ಫ್ರಾಯ್ಡ್ ಅವರಂತಹ ಮೇಧಾವಿಗಳೂ ಸಂದೇಹಿಗಳ ಪಂಗಡಕ್ಕೆ ಸೇರಿದವರೇ. ಆದುದರಿಂದ ಇದನ್ನು ನಕ್ಕು ತಳ್ಳಿಹಾಕುವುದು ತರವಲ್ಲ, ಉತ್ತರ ಕೊಡಲೇಬೇಕು.

ಸಂದೇಹಿಗಳ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಷೇಕ್ಸ್‌ಪಿಯರನು ಶಾಲೆಗೆ ಹೋದನೆಂಬುದಕ್ಕೆ ದಾಖಲೆಯಿಲ್ಲ. ಅವನ ಉಯಿಲಿನಲ್ಲಿ ಪುಸ್ತಕಗಳ ಪ್ರಸ್ತಾಪವಿಲ್ಲ. ಅವನದೆಂದು ಸಾಮಾನ್ಯವಾಗಿ ಒಪ್ಪಿರುವ ರುಜುಗಳು ಆರೇ ಆರು. ಇವೆಲ್ಲವೂ ನಿಜ. ಆದರೆ ಆ ಕಾಲದ ಸ್ಟ್ರಾಟ್‌ಫರ್ಡ್ ಶಾಲೆಯ ಹಾಜರಿ ಪಟ್ಟಿಯೇ ಉಳಿದಿಲ್ಲ. ಅಲ್ಲಿ ಓದಿದ ಯಾವ ಹುಡುಗನ ಹೆಸರೂ ನಮಗೆ ಹಾಗೆ ದೊರೆಯುವುದಿಲ್ಲ. ದಾಖಲೆಯು ಇರಲೇಬೇಕಾಗಿದ್ದ ಕಡೆ ಅದು ಇಲ್ಲವೆಂದರೆ ಅದಕ್ಕೆ ಅರ್ಥವುಂಟು. ಎಲ್ಲರ ದಾಖಲೆಯೂ ನಾಶವಾಗಿರುವ ಕಡೆ ಒಬ್ಬನದು ಇಲ್ಲವೆಂಬುದರಿಂದ ಏನನ್ನೂ ಸಾಧಿಸಲಾಗದು.

ಇನ್ನು ಇರುವ ಆಧಾರಗಳನ್ನು ನೋಡೋಣ. 1598ರಲ್ಲಿ ಫ್ರಾನ್ಸಿಸ್ ಮಿಯರ್ಸ್ ಎಂಬ ಲೇಖಕನು ಷೇಕ್ಸ್‌ಪಿಯರನ ಹನ್ನೆರಡು ನಾಟಕಗಳನ್ನು ಹೆಸರಿಸಿದ್ದಾನೆ. ಅದೇ ಪುಸ್ತಕದಲ್ಲಿ ಆಕ್ಸ್‌ಫರ್ಡಿನ ಅರ್ಲ್‌ನನ್ನು ಬೇರೆಯಾಗಿಯೇ ಹೊಗಳಿದ್ದಾನೆ. ಅವನ ದೃಷ್ಟಿಯಲ್ಲಿ ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಷೇಕ್ಸ್‌ಪಿಯರನು ತನ್ನ ಉಯಿಲಿನಲ್ಲಿ ಹೆಮಿಂಜ್, ಬರ್ಬೇಜ್, ಕಾಂಡೆಲ್ ಎಂಬ ಮೂವರು ಜೊತೆನಟರಿಗೆ ನೆನಪಿನ ಉಂಗುರ ಮಾಡಿಸಿಕೊಳ್ಳಲು ಹಣ ಬಿಟ್ಟಿದ್ದಾನೆ. ಅವರಲ್ಲಿ ಹೆಮಿಂಜ್ ಮತ್ತು ಕಾಂಡೆಲ್ ಸೇರಿ 1623ರಲ್ಲಿ ಗೆಳೆಯನ 36 ನಾಟಕಗಳನ್ನು ಒಟ್ಟುಗೂಡಿಸಿ, ‘ಮೊದಲನೆಯ ಫೋಲಿಯೊ’ ಎಂದು ಪ್ರಸಿದ್ಧವಾಗಿರುವ ಗ್ರಂಥವನ್ನು ಹೊರತಂದರು. ಸ್ಟ್ರಾಟ್‌ಫರ್ಡಿನ ಮನುಷ್ಯನನ್ನೂ ಲಂಡನ್ನಿನ ನಾಟಕಗಳನ್ನೂ ಬೆಸೆಯುವ ಈ ಕೊಂಡಿಯನ್ನು ಮುರಿಯಬೇಕಾದರೆ, ನಟರು, ಮುದ್ರಕರು, ಕವಿಗಳು ಎಲ್ಲರೂ ಕೂಡಿ ಸುಳ್ಳು ಹೇಳಿದರೆಂದೂ ಒಬ್ಬನೂ ಬಾಯಿ ಬಿಡಲಿಲ್ಲವೆಂದೂ ಊಹಿಸಬೇಕಾಗುತ್ತದೆ.

ಪ್ರತಿಸ್ಪರ್ಧಿಗಳ ಸ್ಥಿತಿಯಾದರೂ ಹೇಗಿದೆ? ಮಾರ್ಲೋ 1593ರಲ್ಲಿ ಇರಿತಕ್ಕೆ ಬಲಿಯಾದನು; ಆ ಸಾವೇ ಸುಳ್ಳೆಂದು ಸಾಧಿಸದೆ ಅವನ ಪಕ್ಷ ನಿಲ್ಲದು. ಸುಳಿವು ಸಿಕ್ಕೀತೆಂದು ಹಾಫ್‌ಮನ್ನನು 1956ರಲ್ಲಿ ಮಾರ್ಲೋವಿನ ಪೋಷಕನಾಗಿದ್ದ ವಾಲ್ಸಿಂಗ್‌ಹ್ಯಾಮನ ಸಮಾಧಿಯನ್ನು ತೆರೆಸಿದಾಗ ಒಳಗೆ ದೊರೆತದ್ದು ಮರಳು. ಆಕ್ಸ್‌ಫರ್ಡಿನ ಅರ್ಲ್ 1604ರಲ್ಲಿ ಸತ್ತನು. ‘ಟೆಂಪೆಸ್ಟ್’ ನಾಟಕವಾದರೋ 1609ರಲ್ಲಿ ಬರ್ಮುಡಾ ದ್ವೀಪದ ಬಳಿ ಒಡೆದ ಹಡಗಿನ ವೃತ್ತಾಂತವನ್ನು ಬಳಸಿಕೊಂಡಿದೆಯೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಬೇಕನ್ನನ ಪರವಾಗಿ, ನಾಟಕಗಳ ಪುಟಗಳಲ್ಲಿ ಗೂಢಲಿಪಿಯ ಸಂದೇಶವು ಅಡಗಿದೆಯೆಂದು ಇಗ್ನೇಷಿಯಸ್ ಡಾನೆಲಿ 1888ರಲ್ಲಿ ಸಾರಿದನು. ಅವನ ರೀತಿಯನ್ನೇ ಅನುಸರಿಸಿ ಇತರರು ಅದಕ್ಕೆ ವಿರುದ್ಧವಾದ ಸಂದೇಶಗಳನ್ನು ಹೊರಡಿಸಿ ತೋರಿಸಿದರು! ಮುಂದೆ ವಿಲಿಯಂ ಮತ್ತು ಎಲಿಜಬೆತ್ ಫ್ರೀಡ್‌ಮನ್ ಎಂಬ ದಂಪತಿಗಳು ಇಂತಹ ಗೂಢಲಿಪಿಗಳನ್ನೆಲ್ಲ ಪರೀಕ್ಷಿಸಿ 1957ರಲ್ಲಿ ಗ್ರಂಥವೊಂದನ್ನು ಬರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರ ಗುಪ್ತಸಂಕೇತವನ್ನು ಭೇದಿಸಿದ ತಂಡದ ಮುಖಂಡನೇ ಈ ವಿಲಿಯಂ ಫ್ರೀಡ್‌ಮನ್. ನಿಜವಾದ ಗೂಢಲಿಪಿಯಾಗಿದ್ದರೆ ಒಂದೇ ಕೀಲಿಕೈಯನ್ನು ಹಿಡಿದ ಇಬ್ಬರಿಗೂ ಒಂದೇ ಉತ್ತರ ಬರಬೇಕು; ಇವುಗಳಲ್ಲಿ ಒಂದೂ ಆ ಪರೀಕ್ಷೆಯಲ್ಲಿ ಉಳಿಯಲಿಲ್ಲ.

ಇಲ್ಲಿಯವರೆಗೆ ನೋಡಿದುದು ಇತಿಹಾಸಕಾರರ ಸಾಕ್ಷ್ಯ. ಎಣಿಕೆಯಿಂದಲೇ ಈ ಪ್ರಶ್ನೆಯನ್ನು ಬಿಡಿಸಲು ಹೊರಟವರು ಅಮೆರಿಕದ ಭೌತವಿಜ್ಞಾನಿ ಮೆಂಡೆನ್‌ಹಾಲ್. ಪ್ರತಿಯೊಬ್ಬ ಲೇಖಕನೂ ತನಗರಿವಿಲ್ಲದೆಯೇ ಒಂದು, ಎರಡು, ಮೂರು, ನಾಲ್ಕು ಅಕ್ಷರಗಳ ಪದಗಳನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಬಳಸುತ್ತಾನೆ. ಅದನ್ನು ನಕ್ಷೆಯಲ್ಲಿ ಎಳೆದರೆ ಬರುವ ವಕ್ರರೇಖೆಯು ಅವನ ಗುರುತಾಗಬಹುದು ಎಂಬ ವಿಚಾರವನ್ನು ಅವರು 1887ರಲ್ಲಿ ಮಂಡಿಸಿದರು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಇಬ್ಬರು ಮಹಿಳೆಯರು ಲಕ್ಷಗಟ್ಟಲೆ ಪದಗಳನ್ನು ಅವರಿಗಾಗಿ ಎಣಿಸಿದರು. 1901ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು: ಷೇಕ್ಸ್‌ಪಿಯರನಲ್ಲಿ ನಾಲ್ಕಕ್ಷರದ ಪದಗಳೇ ಅತ್ಯಧಿಕ, ಬೇಕನ್ನನಲ್ಲಿ ಮೂರಕ್ಷರದವು ಅಧಿಕ. ಹಾಗಾದರೆ ಬೇಕನ್ ಸೋತನೆಂದು ಹಲವರು ಹಿಗ್ಗಿದರು. ಆದರೆ ಅದೇ ಎಣಿಕೆಯಲ್ಲಿ ಮಾರ್ಲೋವಿನ ರೇಖೆಯು ಷೇಕ್ಸ್‌ಪಿಯರನ ರೇಖೆಗೆ ಪಡಿಯಚ್ಚಿನಂತೆ ಹೊಂದಿಕೊಂಡಿತು!

ತಪ್ಪಿದುದೆಲ್ಲಿ? ಎಣಿಕೆಯಲ್ಲಿ ಅಲ್ಲ, ಹೋಲಿಕೆಯಲ್ಲಿ. ಬೇಕನ್ ಬರೆದುದು ಗದ್ಯ. ಷೇಕ್ಸ್‌ಪಿಯರ್ ಮತ್ತು ಮಾರ್ಲೋ ನಾಟಕಗಳನ್ನು ಹೆಚ್ಚಾಗಿ ಬರೆದುದು ಪದ್ಯದಲ್ಲಿ, ನಮ್ಮ ಸರಳರಗಳೆಯಂತೆ ಪ್ರಾಸವಿಲ್ಲದ ಛಂದಸ್ಸಿನಲ್ಲಿ. ಸಿ. ಬಿ. ವಿಲಿಯಮ್ಸ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ 1975ರಲ್ಲಿ ಇದನ್ನು ಬಯಲಿಗೆ ತಂದರು. ಗದ್ಯ ಪದ್ಯಗಳೆರಡನ್ನೂ ಬರೆದ ಫಿಲಿಪ್ ಸಿಡ್ನಿಯ ಕೃತಿಗಳನ್ನು ಅವರು ಪರಿಶೀಲಿಸಿದಾಗ ಒಬ್ಬನೇ ಲೇಖಕನಲ್ಲಿ ಅದೇ ಬಗೆಯ ಅಂತರವು ಕಂಡುಬಂದಿತು. ಮೆಂಡೆನ್‌ಹಾಲರ ರೇಖೆಗಳು ಲೇಖಕರ ಭೇದಕ್ಕಿಂತ ಹೆಚ್ಚಾಗಿ ಗದ್ಯ ಪದ್ಯಗಳ ಭೇದವನ್ನೇ ತೋರಿಸಿರಬಹುದು. ಅಂಕೆಗಳು ಸರಿಯಾಗಿದ್ದೂ ತೀರ್ಮಾನವು ತಪ್ಪಾಗಬಹುದೆಂಬುದನ್ನು ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು.

ಮುಂದಿನವರು ಈ ಪಾಠವನ್ನು ಕಲಿತರು. ಕ್ಯಾಲಿಫೋರ್ನಿಯದ ಕ್ಲೇರ್‌ಮಾಂಟ್ ಕಾಲೇಜುಗಳಲ್ಲಿ ಎಲಿಯಟ್ ಮತ್ತು ವ್ಯಾಲೆಂಜಾ ಎಂಬ ಅಧ್ಯಾಪಕರ ಮಾರ್ಗದರ್ಶನದಲ್ಲಿ 1987ರಿಂದ ವಿದ್ಯಾರ್ಥಿಗಳೇ ಈ ಕೆಲಸಕ್ಕೆ ಕೈಹಾಕಿ, ಗಣಕಯಂತ್ರದ ನೆರವಿನಿಂದ ಪದ್ಯವನ್ನು ಪದ್ಯದೊಡನೆ, ನಾಟಕವನ್ನು ನಾಟಕದೊಡನೆ ಹೋಲಿಸಿದರು. ಪರೀಕ್ಷೆಗೆ ಒಳಗಾದ 37 ಮಂದಿ ಪ್ರತಿಸ್ಪರ್ಧಿಗಳಲ್ಲಿ ಒಬ್ಬನ ಶೈಲಿಯೂ ಷೇಕ್ಸ್‌ಪಿಯರನ ಶೈಲಿಗೆ ಹೊಂದಲಿಲ್ಲ.

ಶೈಲಿಯ ಅಧ್ಯಯನವು ಇನ್ನೊಂದು ಸಂಗತಿಯನ್ನೂ ದೃಢಪಡಿಸಿದೆ. ಅಂದಿನ ನಾಟಕಕಾರರು ಆಗಾಗ್ಗೆ ಕೂಡಿ ಬರೆಯುತ್ತಿದ್ದರು. ಷೇಕ್ಸ್‌ಪಿಯರನೂ ಅದಕ್ಕೆ ಹೊರತಲ್ಲ. 1634ರಲ್ಲಿ ಅಚ್ಚಾದ ‘ಟೂ ನೋಬಲ್ ಕಿನ್ಸ್‌ಮೆನ್’ ನಾಟಕದ ಮುಖಪುಟದಲ್ಲಿಯೇ ಫ್ಲೆಚರ್ ಮತ್ತು ಷೇಕ್ಸ್‌ಪಿಯರ್ ಇಬ್ಬರ ಹೆಸರುಗಳಿವೆ. 2016ರ ಹೊಸ ಆಕ್ಸ್‌ಫರ್ಡ್ ಆವೃತ್ತಿಯು ‘ಆರನೆಯ ಹೆನ್ರಿ’ಯ ಮೂರು ಭಾಗಗಳಲ್ಲಿಯೂ ಮಾರ್ಲೋವಿಗೆ ಸಹಕರ್ತೃವಿನ ಸ್ಥಾನವನ್ನು ಕೊಟ್ಟಿತು. ಅದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಈ ಚರ್ಚೆ ನಡೆಯುವುದು ಪರೀಕ್ಷಿಸಬಹುದಾದ ಆಧಾರಗಳ ಮೇಲೆ. ಆದಕಾರಣ ಕರ್ತೃತ್ವದ ಪ್ರಶ್ನೆಯನ್ನು ಎತ್ತುವುದೇ ಅಪರಾಧವೆಂದು ನಾವು ಹೇಳುತ್ತಿಲ್ಲ.

ನಮ್ಮ ಆಕ್ಷೇಪವಿರುವುದು ಆ ಸಂದೇಹದ ತಳದಲ್ಲಿರುವ ನಂಬಿಕೆಯ ಮೇಲೆ. ಕೈಗವಸು ಹೊಲಿಯುವವನ ಮಗನಿಂದ ಇದು ಆಗದು, ಅರಮನೆಯ ಸಂಬಂಧವುಳ್ಳವನೇ ಬರೆದಿರಬೇಕು ಎಂಬ ಪೂರ್ವಗ್ರಹವು ಹಲವರಲ್ಲಿ ಮೊದಲೇ ನೆಲೆಸಿತ್ತು. ಆಧಾರಗಳನ್ನು ಅವರು ಹುಡುಕಿದ್ದು ಅನಂತರ. ಮಾರ್ಲೋ ಚಮ್ಮಾರನ ಮಗನು. ಆ ಯುಗದ ಮಹಾಪಂಡಿತನೆನಿಸಿದ ಬೆನ್ ಜಾನ್ಸನ್ ಇಟ್ಟಿಗೆ ಕಟ್ಟುವವನ ಮನೆಯಲ್ಲಿ ಬೆಳೆದವನು. ಹುಟ್ಟನ್ನು ನೋಡಿ ಬುದ್ಧಿಯನ್ನು ಅಳೆಯುವ ಚಟವು ಇಂಗ್ಲೆಂಡಿಗೆ ಮಾತ್ರ ಸೇರಿದುದಲ್ಲವೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ಸಂದೇಹಪಡಬೇಕು, ಧಾರಾಳವಾಗಿ ಪಡಬೇಕು. ಆದರೆ ಪರರ ನಂಬಿಕೆಗೆ ಹಿಡಿಯುವ ತಕ್ಕಡಿಯನ್ನೇ ತಮ್ಮ ಸಂದೇಹಕ್ಕೂ ಹಿಡಿಯಬೇಕು. ‘ನನ್ನ ಊಹೆ ತಪ್ಪೆಂದು ತೋರಿಸಬಲ್ಲ ಆಧಾರ ಯಾವುದು?’ ಎಂದು ಕೇಳಿಕೊಂಡಾಗ ಯಾವ ಆಧಾರಕ್ಕೂ ಬಗ್ಗುವುದಿಲ್ಲವೆಂದು ಮನಸ್ಸು ಹಟ ಹಿಡಿದರೆ, ಅಲ್ಲಿಗೆ ವಿಚಾರ ಮುಗಿದು ಮೊಂಡುತನವು ಆರಂಭವಾಯಿತೆಂದು ತಿಳಿಯಬೇಕು.