ಕೋಳಿಗೆ ಹುಟ್ಟಿದ ಟ್ರಕ್ಕು

ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಬಡಗಿಯ ದಿನನಿತ್ಯದ ಸರಕು. ಇದನ್ನು ಅಮೆರಿಕದ ಹೆಮ್ಮೆಯ ಫೋರ್ಡ್ ಎಫ್-150 ಪಿಕಪ್ಪಿಗೆ ಹೇರಿ ನೋಡಬೇಕು. ನಾಲ್ಕು ಬಾಗಿಲಿನ ಮಾದರಿಯಲ್ಲಿ ಹಿಂದಿನ ತೊಟ್ಟಿ ಸಾಮಾನ್ಯವಾಗಿ ಐದೂವರೆ ಅಡಿ. ಹಲಗೆ ಎರಡೂವರೆ ಅಡಿ ನಾಲಗೆ ಚಾಚಿಕೊಳ್ಳುತ್ತದೆ. ಹಿಂಬಾಗಿಲು ಇಳಿಸಿ, ಹಗ್ಗ ಬಿಗಿದು, ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಹೊರಡಬೇಕು. ಜರ್ಮನಿಯ ಬಡಗಿ ಅದೇ ಹಲಗೆಯನ್ನು ತನ್ನ ವ್ಯಾನಿನೊಳಗೆ ತಳ್ಳಿ, ಬಾಗಿಲು ಹಾಕಿ, ಮಳೆ ಬಂದರೂ ತಲೆ ಕೆಡಿಸಿಕೊಳ್ಳದೆ ಹೋಗುತ್ತಾನೆ. ಆಟಿಕೆಯಂತೆ ಕಾಣುವ ಜಪಾನಿನ ಕೇ ಟ್ರಕ್ಕಿನ ತೊಟ್ಟಿ ಕೂಡ ಈ ದೈತ್ಯನ ತೊಟ್ಟಿಗಿಂತ ಸುಮಾರು ಒಂದಡಿ ಉದ್ದ.

ಆದರೂ ಇದು ‘ದುಡಿಯುವ ಕೈಗಳ ಗಾಡಿ’ಯಂತೆ! ಎಫ್-150ರ ಮೊದಲ ತಲೆಮಾರುಗಳಲ್ಲಿ ಉದ್ದದ ಲೆಕ್ಕದಲ್ಲಿ ಕ್ಯಾಬಿನ್ನಿಗೆ ಶೇ. 36, ತೊಟ್ಟಿಗೆ ಶೇ. 64 ಪಾಲಿತ್ತು. 2021ರ ಹೊತ್ತಿಗೆ ಕ್ಯಾಬಿನ್ 63, ತೊಟ್ಟಿ 37. ಸರಕು ಹೊರುತ್ತಿದ್ದ ಗಾಡಿ ಸೋಫಾ ಹೊತ್ತು ತಿರುಗುವ ಗಾಡಿಯಾಯಿತು. ಡಲ್ಲಾಸ್‌ನಲ್ಲಿ ಇಂಥದ್ದೊಂದು ಕೊಂಡ ಸಾಫ್ಟ್‌ವೇರ್ ಹುಡುಗ ಫೋಟೊ ಕಳಿಸಿದರೆ, ದಾವಣಗೆರೆಯ ಅಪ್ಪ ಕೇಳುವುದು ಒಂದೇ ಪ್ರಶ್ನೆ: “ಏನು ಹೇರ್ತೀಯೋ ಅದ್ರಾಗ?” ವಾರದ ಹಾಲು, ತರಕಾರಿ ಎಂಬ ಉತ್ತರ ಕೇಳಿ ಅವರು ಫೋನಿಟ್ಟರೆ ತಪ್ಪು ಹುಡುಗನದೇ.

ಈಗ ಈ ಸೋಫಾವನ್ನು ಯುರೋಪಿನ ಬೀದಿಗೂ ಇಳಿಸುವ ತಯಾರಿ ನಡೆದಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಪರಸ್ಪರರ ವಾಹನ ಮಾನದಂಡಗಳನ್ನು ಒಪ್ಪಿಕೊಳ್ಳುವ ಇರಾದೆಯ ಒಂದು ಸಾಲು ತಣ್ಣಗೆ ಕೂತಿದೆ. ಅಲ್ಲಿ ಪಾಸಾದದ್ದು ಇಲ್ಲೂ ಪಾಸು. ಇದಕ್ಕೆ ತಕರಾರೆತ್ತಿದರೆ ಸಿದ್ಧ ಉತ್ತರವಿದೆ: ದೊಡ್ಡ ಗಾಡಿ ಅಮೆರಿಕನ್ನರ ಸಂಸ್ಕೃತಿ, ಜನ ಬಯಸಿದ್ದನ್ನು ಮಾರುಕಟ್ಟೆ ಕೊಡುತ್ತದೆ, ಬೇಡ ಎನ್ನಲು ನೀವ್ಯಾರು?

ಮಾರುಕಟ್ಟೆಯಂತೆ. ಆ ಮಾರುಕಟ್ಟೆಯ ಜಾತಕ ಬಿಡಿಸಿದರೆ ಮೊದಲು ಸಿಗುವುದು ಕೋಳಿ.

1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿಗೆ ನುಗ್ಗಿತು. ತಮ್ಮ ರೈತರನ್ನು ಉಳಿಸಿಕೊಳ್ಳಲು ಯುರೋಪಿನವರು ಸುಂಕ ಏರಿಸಿದರು. ಸೇಡಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಲಘು ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹೇರಿದರು. 1964ರಿಂದ ಅದು ಜಾರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಜ್ವರ ಇಳಿದು ಕಾಲವಾಯಿತು, ಬ್ರಾಂದಿಗೂ ಪಿಷ್ಟಕ್ಕೂ ಬಿಡುಗಡೆ ಸಿಕ್ಕಿತು. ಟ್ರಕ್ಕಿನ ಮೇಲಿನ ಶೇ. 25 ಮಾತ್ರ ಅರವತ್ತು ವರ್ಷ ದಾಟಿಯೂ ಗಟ್ಟಿಯಾಗಿದೆ. ಫೋಕ್ಸ್‌ವ್ಯಾಗನ್ನಿನ ಚಿಕ್ಕ ಪಿಕಪ್ಪು, ಸರಕು ವ್ಯಾನುಗಳು ಅಮೆರಿಕದಿಂದ ಕಾಲು ಕಿತ್ತವು. ಪೈಪೋಟಿ ಇಲ್ಲದ ಕಣದಲ್ಲಿ ಡೆಟ್ರಾಯಿಟ್ಟಿನ ಪೈಲ್ವಾನರು ತೊಡೆ ತಟ್ಟಿಕೊಂಡು ಬೆಳೆದರು. ಇದಕ್ಕೆ ಸಂಸ್ಕೃತಿ ಎಂದು ಹೆಸರು.

ಸುಂಕದ ರುಚಿ ಫೋರ್ಡ್‌ಗೂ ಗೊತ್ತು. ತನ್ನದೇ ಟ್ರಾನ್ಸಿಟ್ ಕನೆಕ್ಟ್ ಎಂಬ ಸಣ್ಣ ಸರಕು ವ್ಯಾನನ್ನು ಟರ್ಕಿಯಿಂದ ತರಿಸುವಾಗ ಅದು ಮಾಡಿದ್ದು ನೋಡಿ. ಹಿಂದೆ ಸೀಟು ಕೂರಿಸಿ, ಕಿಟಕಿ ಇಟ್ಟು, ಪ್ರಯಾಣಿಕ ವಾಹನ ಎಂದು ಹಡಗಿಗೆ ಹತ್ತಿಸಿತು. ಪ್ರಯಾಣಿಕ ವಾಹನಕ್ಕೆ ಆಗ ಸುಂಕ ಬರೀ ಶೇ. 2.5 ಇತ್ತು. ಅಮೆರಿಕದ ಬಂದರು ದಾಟಿದ್ದೇ ತಡ, ಸೀಟು ಕಿತ್ತು ಎಸೆದರು, ಕಿಟಕಿಯ ಜಾಗಕ್ಕೆ ತಗಡು ಬಡಿದರು. ಈ ನಾಟಕದ ವ್ಯಾಜ್ಯ ಮುಗಿಸಲು 2024ರಲ್ಲಿ ಕಂಪನಿ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಕೋಳಿ ಇನ್ನೂ ಮೊಟ್ಟೆಯಿಡುತ್ತಲೇ ಇದೆ.

ಕೋಳಿಯ ಜೊತೆಗೆ ಸರ್ಕಾರದ ಇನ್ನಷ್ಟು ಆರೈಕೆಯೂ ಸಿಕ್ಕಿತು. 1975ರ ಕಾನೂನಿನಡಿ ಬಂದ ಇಂಧನ ಮಿತವ್ಯಯದ ನಿಯಮಗಳು ಲಘು ಟ್ರಕ್ಕುಗಳಿಗೆ ಕಾರಿಗಿಂತ ಸಡಿಲ. ಆಮೇಲೆ ಚಕ್ರಗಳ ನಡುವಿನ ವಿಸ್ತೀರ್ಣ ಹೆಚ್ಚಿದಷ್ಟೂ ಗುರಿ ಸಡಿಲವಾಗುವ ಲೆಕ್ಕ ಬಂತು. ಗಾಡಿ ಊದಿಸಿದರೆ ರಿಯಾಯಿತಿ! ತೂಕದ ಗಾಡಿಯನ್ನು ವ್ಯವಹಾರದ ಹೆಸರಲ್ಲಿ ಕೊಂಡರೆ ಆದಾಯ ತೆರಿಗೆಯಲ್ಲೂ ವಿನಾಯಿತಿ. ಸರ್ಕಾರವೇ ಮೇವು ಹಾಕಿ ಕೊಬ್ಬಿಸಿದ ಹೋರಿಯನ್ನು ತೋರಿಸಿ ಇದು ಕಾಡಿನಲ್ಲಿ ತಾನಾಗಿ ಬೆಳೆದದ್ದು ಎನ್ನುವವರಿಗೆ ಏನು ಹೇಳುವುದು?

ಆ ಹೋರಿ ಹಾಯುವುದು ಕಾಲ್ನಡಿಗೆಯವರನ್ನು. 2009ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 4,109. 2022ರಲ್ಲಿ 7,522. ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ಈ ಸಂಖ್ಯೆ ಇಳಿಯಿತು. ಮೊಬೈಲ್ ಅಲ್ಲೂ ಇದೆ, ಕುಡುಕರು ಅಲ್ಲೂ ಇದ್ದಾರೆ. ಹಾಗಾದರೆ 4,109 ಇದ್ದದ್ದು 7,522 ಆದದ್ದು ಹೇಗೆ? ಫೋರ್ಡ್ ಎಫ್-250ರ 2017ರ ಮಾದರಿಯ ಬಾನೆಟ್ ನೆಲದಿಂದ 55 ಇಂಚು ಎತ್ತರ. ಕೆಲವು ಕಾರುಗಳ ಚಾವಣಿಯೇ ಅಷ್ಟಿರುತ್ತದೆ. ತಗ್ಗಿನ ಬಾನೆಟ್ಟು ಬಡಿದರೆ ಕಾಲು ಮುರಿದು ಮನುಷ್ಯ ಬಾನೆಟ್ಟಿನ ಮೇಲೆ ಉರುಳುತ್ತಾನೆ. ಇದು ಬಡಿಯುವುದು ಎದೆಗೆ, ಮಗುವಾದರೆ ತಲೆಗೆ. ಉರುಳುವುದು ಚಕ್ರದ ಕೆಳಗೆ. ಅಮೆರಿಕದ್ದೇ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ 2023ರ ಅಧ್ಯಯನದ ಪ್ರಕಾರ, 30 ಇಂಚಿಗೆ ಮೀರದ ಇಳಿಜಾರು ಬಾನೆಟ್ಟಿಗೆ ಹೋಲಿಸಿದರೆ 40 ಇಂಚು ಮೀರಿದ ಬಾನೆಟ್ಟು ಪಾದಚಾರಿಯನ್ನು ಕೊಲ್ಲುವ ಸಾಧ್ಯತೆ ಸುಮಾರು ಶೇ. 45 ಹೆಚ್ಚು.

ಯುರೋಪಿನಲ್ಲಿ ಹೊಸ ಕಾರು ಬೀದಿಗಿಳಿಯುವ ಮುನ್ನ ಅದರ ಮೂತಿಗೆ ಮನುಷ್ಯನ ತಲೆ, ಕಾಲುಗಳ ಪ್ರತಿಕೃತಿ ಬಡಿದು ಪರೀಕ್ಷಿಸಬೇಕೆಂಬ ಕಾನೂನಿದೆ. ಅಮೆರಿಕ ಅಂಥ ನಿಯಮದ ಕರಡು ತಂದದ್ದೇ 2024ರಲ್ಲಿ. ವ್ಯಾಪಾರದ ಭಾಷೆಯಲ್ಲಿ ಇಂಥ ಕಾನೂನಿಗೆ ‘ಸುಂಕೇತರ ಅಡೆತಡೆ’ ಎನ್ನುತ್ತಾರೆ. ಮಗುವಿನ ತಲೆಬುರುಡೆಯೂ ಅಡೆತಡೆಯೇ! ಕೀಟನಾಶಕದ ಮಿತಿ, ಔಷಧದ ಪೇಟೆಂಟು, ಹಾಲು, ಮಾಂಸ, ಎಲ್ಲದರಲ್ಲೂ ಇದೇ ಆಟ. ಬೀದಿಯಲ್ಲಿ ಹೋರಾಡಿ ಗೆದ್ದ ನಿಯಮವನ್ನು ಹವಾನಿಯಂತ್ರಿತ ಕೋಣೆಯ ಒಂದು ಸಾಲು ನುಂಗುತ್ತದೆ, ಯಾವ ದೇಶದ ಮತದಾರನನ್ನೂ ಯಾರೂ ಕೇಳುವುದಿಲ್ಲ.

ಕೇಳಿದ ಊರೊಂದಿದೆ. 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ ತನ್ನ ನಾಗರಿಕರನ್ನು ಕೇಳಿತು: ಹೊರಗಿನಿಂದ ಬರುವ ಭಾರದ ಗಾಡಿಗಳಿಗೆ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡೋಣವೇ? ಬಂದವರು ಶೇ. 6ಕ್ಕಿಂತ ಕಮ್ಮಿ, ನಿಜ. ಬಂದವರಲ್ಲಿ ಶೇ. 54ಕ್ಕೂ ಹೆಚ್ಚು ಮಂದಿ ಹೌದು ಎಂದರು. ಅದೇ ಅಕ್ಟೋಬರ್‌ನಿಂದ ನಗರದ ನಡುಭಾಗದಲ್ಲಿ ಗಂಟೆಗೆ 18 ಯೂರೋ, ಆರು ಗಂಟೆ ನಿಲ್ಲಿಸಿದರೆ 225 ಯೂರೋ. ಎಫ್-150ರ ಉದ್ದ ಆರು ಮೀಟರಿಗೆ ಹತ್ತಿರ. ಐದು ಮೀಟರಿನ ಜಾಗದಲ್ಲಿ ಅದನ್ನು ನಿಲ್ಲಿಸಿದರೆ ಹೊರಗುಳಿಯುವ ಬಾಲಕ್ಕೆ ಎಷ್ಟು ವಸೂಲು ಮಾಡಬೇಕೆಂದು ಮಾತ್ರ ಅವರಿನ್ನೂ ಬರೆದಿಲ್ಲ.